ಚಿಕ್ಕ ಮೇಡಂ

ಮಾರ್ಚ್ ೪, ಸೋಮವಾರ

ಬೆಳಿಗ್ಗೆಯಿಂದ ಎದೆಯ ಎಕ್ಸ್-ರೇಗಳೇ. ಊರಿಗೆ ಊರೇ ಕೆಮ್ಮುತ್ತಿದೆ. ಊಟಕ್ಕೆ ಏಳುವಷ್ಟರಲ್ಲಿ ಕಣ್ಣು ಉರಿ. ಪಕ್ಕದ ಪರದೆಯಲ್ಲಿ ಚಿಕ್ಕ ಮೇಡಂ ತನ್ನ ಪಾಡಿಗೆ ತಾನು ಓದುತ್ತಿದ್ದಳು. ಆ ಹೆಸರಿಟ್ಟದ್ದು ನಮ್ಮ ಟೆಕ್ನಿಷಿಯನ್. ಚಿತ್ರ ಓದುವಾಗ ನಾನು ಯೋಚಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿ, ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂದು ಕ್ಯಾಮೆರಾದಲ್ಲಿ ಹಿಡಿದು, ಲ್ಯಾಬಿನವರು ಪಾಠ ಕಲಿಸಿದ ಯಂತ್ರ. ಹೋದ ವರ್ಷ ಪಾಠ ಮುಗಿಯಿತು. ಈಗ ನನ್ನ ಹಾಗೆಯೇ ನೋಡುತ್ತದೆ, ಅನುಮಾನಪಡುತ್ತದೆ, ಹಿಂದೆ ಹೋಗಿ ಮತ್ತೆ ನೋಡುತ್ತದೆ. ಯೋಚನೆಯನ್ನು ಸಾಲುಸಾಲಾಗಿ ಬರೆದು ತೋರಿಸುತ್ತದೆ. "ಇರಲಿ, ಇನ್ನೊಂದ್ಸಲ ನೋಡೋಣ" — ನನ್ನ ಮಾತು. ಅದನ್ನೂ ಬಿಟ್ಟಿಲ್ಲ.

ಇಬ್ಬರಲ್ಲಿ ಚಿಕ್ಕ ಮೇಡಮ್ಮೇ ವಾಸಿಯಂತೆ. ಟೀ ಕೇಳುವುದಿಲ್ಲ, ಗದರುವುದಿಲ್ಲ. ಟೆಕ್ನಿಷಿಯನ್‌ಗೆ ನನ್ನ ಮುಂದೆಯೇ ಹೇಳುವಷ್ಟು ಸಲಿಗೆ.

ಮಾರ್ಚ್ ೧೩, ಬುಧವಾರ

ಇವತ್ತು ನಮ್ಮಿಬ್ಬರಿಗೂ ಹೊಂದಲಿಲ್ಲ. ಒಬ್ಬ ಬಸ್ ಡ್ರೈವರ್‌ನ ಎಕ್ಸ್-ರೇ. ಏನೂ ಇಲ್ಲ ಎಂದು ಬರೆದೆ. ಅವಳು ಬಲಗಡೆ ಕೊರಳೆಲುಬಿನ ಹಿಂದೆ ಸಣ್ಣ ನೆರಳಿದೆ, ಸಿ.ಟಿ. ಮಾಡಿಸಬೇಕು ಎಂದಳು. ಮತ್ತೆ ನೋಡಿದೆ. ಇಲ್ಲ. ಯಂತ್ರ ನೋಡಿಕೊಳ್ಳಲು ಲ್ಯಾಬಿನಿಂದ ಬರುವ ಎಂಜಿನಿಯರ್‌ಗೆ ಹೇಳಿದೆ — ಮುಖಕ್ಕಿಂತ ಕನ್ನಡಕ ದೊಡ್ಡದು, ಎಲ್ಲರೂ ಕರೆಯುವುದೂ ಕನ್ನಡಕ ಎಂದೇ — ನಿಮ್ಮ ಹುಡುಗಿಗೆ ಕಣ್ಣು ಮಂಜಾಗಿದೆ, ಯಾರಿಗಾದರೂ ತೋರಿಸಿ ಎಂದೆ. ನಕ್ಕ. ಏನೋ ಗುರುತು ಹಾಕಿಕೊಂಡ.

ಹೋದದ್ದು ನನ್ನ ರಿಪೋರ್ಟ್.

ಮಾರ್ಚ್ ೨೮, ಗುರುವಾರ

ನೆರಳು ಇತ್ತಂತೆ.

ಡ್ರೈವರ್ ಕೆಮ್ಮು ನಿಲ್ಲದೆ ಮತ್ತೆ ಬಂದಿದ್ದಾನೆ. ಸಿ.ಟಿ.ಯಲ್ಲಿ ಗಂಟು. ಎದೆರೋಗದ ಡಾಕ್ಟರು ಫೋನ್ ಮಾಡಿದ್ದರು. ಬೇಗ ಸಿಕ್ಕಿದೆ, ಆಪರೇಷನ್ನಿಗೆ ಆಗುತ್ತದೆ, ಬಿಡಿ ಎಂದರು. ಆ 'ಬಿಡಿ' ನನಗೆ ಹಿಡಿಸಲಿಲ್ಲ. ಹಳೆಯ ಚಿತ್ರ ತೆಗೆದೆ. ಎಲ್ಲಿದೆ ಎಂದು ಗೊತ್ತಿದ್ದೂ ಹುಡುಕಬೇಕಾಯಿತು.

ಮನೆಗೆ ಬರುವಾಗ ತಿರುವು ತಪ್ಪಿತು. ರಸ್ತೆ ಅಗೆದು ಹಾಕಿದ್ದಾರೆ, ಯಾರಿಗಾದರೂ ತಪ್ಪುತ್ತಿತ್ತು.

ಏಪ್ರಿಲ್ ೧೭, ಬುಧವಾರ

ಹೊಂದದೇ ಇರುವುದು ಈಗ ವಾರಕ್ಕೆ ಎಷ್ಟೋ ಸಲ. ಯಂತ್ರ ಕೆಟ್ಟಿದೆ ಎಂದು ಹಟ ಹಿಡಿದೆ. ಸರಿ, ಪರೀಕ್ಷೆ ಮಾಡೋಣ ಎಂದ ಕನ್ನಡಕ. ಎರಡು ವರ್ಷದ ಹಿಂದೆ ನಾನೇ ಓದಿದ ಚಿತ್ರಗಳು. ನನ್ನ ರಿಪೋರ್ಟ್ ಮುಚ್ಚಿಟ್ಟು ಇಬ್ಬರಿಗೂ ಕೊಟ್ಟ. ಮಧ್ಯಾಹ್ನವೆಲ್ಲ ಓದಿದೆ. ಸುಸ್ತಾಯಿತು. ಒಂದು ಚಿತ್ರದ ಮುಂದೆ ಕೂತು, ಆಗಲೇ ಓದಿದ್ದೆನೋ ಇಲ್ಲವೋ ತಿಳಿಯಲಿಲ್ಲ.

ಲೆಕ್ಕ ಹಾಕಿ ಬಂದವನು ಕೂತುಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಹಳೆಯ ರಿಪೋರ್ಟಿಗೂ ಯಂತ್ರಕ್ಕೂ ಹೆಚ್ಚುಕಡಿಮೆ ಎಲ್ಲದರಲ್ಲೂ ತಾಳೆಯಾಗಿದೆ ಎಂದ. ನನ್ನದು? ಎಂದೆ.

"ಅದು ನಿಮ್ಮ ಹಾಗೇ ಯೋಚನೆ ಮಾಡ್ತಿದೆ, ಮೇಡಂ. ನೀವು ಮಾಡ್ತಿಲ್ಲ."

ಹುಡುಗನ ಕಣ್ಣಲ್ಲಿ ನೀರು. ನಾನೇ ಸಮಾಧಾನ ಮಾಡಿ ಕಳಿಸಿದೆ.

ಏಪ್ರಿಲ್ ೧೮

ರಜೆ ಹಾಕಿದೆ. ಬರೆಯುವುದಕ್ಕೆ ಏನೂ ಇಲ್ಲ.

ಮೇ ೬, ಸೋಮವಾರ

ಹೇಗೂ ಹೇಳಲೇಬೇಕು. ಇವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬೆನ್ನು ನೋಡಿಕೊಂಡೇ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. ನಲ್ಲಿ ನಿಲ್ಲಿಸಿದರು. ತಿರುಗಲಿಲ್ಲ. ಚಳಿಗಾಲದಿಂದ ತನಗೆ ಗೊತ್ತು ಎಂದರು. ಫ್ರಿಜ್ಜಿನಲ್ಲಿ ಬೀಗದಕೈ ಸಿಕ್ಕಿತ್ತಂತೆ, ತೆಗೆದು ಮೊಳೆಗೆ ಹಾಕಿದ್ದರಂತೆ. ಒಲೆ ಆರಿಸಿದ್ದರಂತೆ, ಎಷ್ಟೋ ಸಲ. ಹೇಳಿದ ಕಥೆಯನ್ನೇ ಹೇಳಿದಾಗ ಹೊಸದಾಗಿ ಕೇಳಿದವರಂತೆ ನಕ್ಕಿದ್ದರಂತೆ.

ಮತ್ತೆ ಯಾಕೆ ಹೇಳಲಿಲ್ಲ?

"ನೀನು ಡಾಕ್ಟ್ರು. ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ. ಗೊತ್ತಿದ್ದೂ ನನ್ನಿಂದ ಮುಚ್ಚಿಡ್ತಿದೀಯ ಅಂತ... ನೀನಾಗೇ ಹೇಳ್ಲಿ ಅಂತ ಸುಮ್ಮನಿದ್ದೆ."

ಜೀವನವೆಲ್ಲ ಕಾಲೇಜಿನಲ್ಲಿ ಗಣಿತ ಕಲಿಸಿದ ಮನುಷ್ಯ. ಇಷ್ಟು ಸುಲಭದ್ದನ್ನು ತಪ್ಪು ಲೆಕ್ಕ ಹಾಕಿದ್ದರು. ಆಮೇಲೆ ಇಬ್ಬರೂ ಸೇರಿ ಪಾತ್ರೆ ಒರೆಸಿದೆವು.

ಮೇ ೧೯, ಭಾನುವಾರ, ಬೆಳಿಗ್ಗೆ

ಸ್ಕ್ಯಾನಿಂಗ್ ವಿಭಾಗ ಖಾಲಿ. ಟೆಕ್ನಿಷಿಯನ್ ಒಬ್ಬಳೇ ಬಂದು ನನ್ನ ತಲೆಯ ಸ್ಕ್ಯಾನ್ ಮಾಡಿದಳು. ದಿಂಬು ಸರಿಮಾಡುವಾಗ ಕೂದಲು ಸವರಿದಳು. ಹೆಸರು ಹಾಕಬೇಡ, ಚಿಕ್ಕ ಮೇಡಮ್ಮಿಗೆ ಕೊಡು ಎಂದೆ. ನರರೋಗದ ಡಾಕ್ಟರಿಗೆ ನಾಳೆ ತೋರಿಸಿದರಾಯಿತು. ಮೊದಲು ಇವಳು ಏನೆನ್ನುತ್ತಾಳೆ ನೋಡಬೇಕಿತ್ತು.

ಬಾಗಿಲು ಹಾಕಿಕೊಂಡು ಕೂತೆ. ಸಾಲುಗಳು ಬರತೊಡಗಿದವು. ಹೆಂಗಸು, ಅರವತ್ತರ ಒಳಗೆ. ರಕ್ತ ಸೋರಿಲ್ಲ, ಗೆಡ್ಡೆ ಇಲ್ಲ. ಮಿದುಳು ವಯಸ್ಸಿಗೆ ಮೀರಿ ಕುಗ್ಗಿದೆ. ನೆನಪಿನ ಭಾಗ — ಎಡಕ್ಕೆ ಹೆಚ್ಚು. ಇರಲಿ, ಇನ್ನೊಂದ್ಸಲ ನೋಡೋಣ. ನಿಂತಳು. ನನಗೆ ಆ ನಿಲ್ಲುವುದು ಗೊತ್ತು. ಕೆಟ್ಟ ಸುದ್ದಿ ಬರೆಯುವ ಮುಂಚೆ ನಾನೂ ಹಾಗೆಯೇ ನಿಲ್ಲುತ್ತಿದ್ದೆ, ಪೆನ್ನಿನ ಮುಚ್ಚಳ ಹಾಕಿ ತೆಗೆದು.

ಹೌದು. ಬಲಗಡೆಯೂ ಶುರುವಾಗಿದೆ.

ಕೊನೆಗೆ ಇನ್ನೊಂದು ಸಾಲು. ಇಂಥ ರಿಪೋರ್ಟುಗಳ ಕೆಳಗೆ ನಾನು ಸದಾ ಬರೆಯುತ್ತಿದ್ದದ್ದು — ರೋಗಿ ಒಬ್ಬರೇ ಇರುವಾಗ ಇದನ್ನು ಹೇಳಬೇಡಿ.

ಕೋಣೆಯಲ್ಲಿ ಯಾರೂ ಇರಲಿಲ್ಲ. ನಾವಿಬ್ಬರೇ.

ಜೂನ್ ೧೦, ಸೋಮವಾರ

ಕೆಲಸ ಬಿಟ್ಟು ಎರಡು ವಾರವಾಯಿತು. ಅವತ್ತೇ ಆಸ್ಪತ್ರೆಯ ಮುಖ್ಯಸ್ಥರ ಎದುರು ಕೂತು, ಚಳಿಗಾಲದಿಂದೀಚೆ ನಾನು ಓದಿದ್ದನ್ನೆಲ್ಲ ಮತ್ತೆ ಓದಿಸಿ ಎಂದೆ. ಗಲಾಟೆಯಾಗುತ್ತದೆ, ಪೇಪರಿನವರು ಬರುತ್ತಾರೆ, ನಿಮ್ಮ ಹೆಸರು... ಎಂದು ಅವರು ಎಳೆದರು. ಹೆಸರು ಕಟ್ಟಿಕೊಂಡು ನಾನೇನು ಮಾಡಲಿ, ಸ್ವಲ್ಪ ದಿನ ಹೋದರೆ ಅದೂ ನೆನಪಿರುವುದಿಲ್ಲ ಎಂದೆ. ಅವರು ನಗಲಿಲ್ಲ.

ಚಿಕ್ಕ ಮೇಡಂ ಓದಿದಳು, ಇಬ್ಬರು ಡಾಕ್ಟರು ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಿದರು. ಕೆಲವರನ್ನು ವಾಪಸು ಕರೆಸಿದ್ದಾರೆ. ಹೆಚ್ಚಿನವರಿಗೆ ತಡವಾಗಿಲ್ಲ. ಒಬ್ಬ ಮುದುಕಿಯ ನಂಬರಿಗೆ ಮಾಡಿದರೆ ಮಗ ಎತ್ತಿದನಂತೆ. ಅಮ್ಮ ಹೋಗಿ ತಿಂಗಳಾಯಿತು ಎಂದನಂತೆ. ಯಾಕೆ ಫೋನ್ ಮಾಡಿದಿರಿ ಎಂದು ಕೇಳಿದನಂತೆ.

ಆ ಮುದುಕಿಯ ಎಕ್ಸ್-ರೇ ತರಿಸಿ ನೋಡಿದೆ. ಎಷ್ಟು ನೋಡಿದರೂ ನನಗೆ ಅಲ್ಲಿ ಏನೂ ಕಾಣಲಿಲ್ಲ. ಅದೇ ಭಯ.

ಆಗಸ್ಟ್ ೨೩, ಶುಕ್ರವಾರ

ಮಗಳು ಬಂದಿದ್ದಾಳೆ. ನಿನ್ನ ಯಂತ್ರ ನೋಡಬೇಕು ಎಂದಳು. ಕರೆದುಕೊಂಡು ಹೋದೆ — ಅಲ್ಲ, ಅವಳೇ ನನ್ನನ್ನು ಕರೆದುಕೊಂಡು ಹೋದಳು. ನನ್ನ ಕುರ್ಚಿಯಲ್ಲಿ ಹೊಸ ಡಾಕ್ಟರು. ಎದ್ದು ನಿಂತರು ಪಾಪ. ಮಗಳು ಪರದೆಯ ಮುಂದೆ ತುಂಬ ಹೊತ್ತು ನಿಂತು ಸಾಲುಗಳನ್ನು ಓದಿದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ಮಾತಾಡುವುದೇ ಹಾಗೆ, ಅವಳಿಗೆ ಚೆನ್ನಾಗಿ ಗೊತ್ತು. ಆಮೇಲೆ ಕನ್ನಡಕನನ್ನು ಕೇಳಿದಳು.

"ಇದಕ್ಕೆ ನಾನು ಯಾರು ಅಂತ ಗೊತ್ತಾ?"

ಇಲ್ಲ, ಚಿತ್ರ ಓದುವುದು ಬಿಟ್ಟರೆ ಇನ್ನೇನೂ ಗೊತ್ತಿಲ್ಲ ಎಂದ. ತಾನೇ ತಪ್ಪು ಮಾಡಿದವನಂತೆ ಹೇಳಿದ.

ದಾರಿಯುದ್ದಕ್ಕೂ ಅದೇ ಯೋಚನೆ. ಪರರ ಎದೆ, ಪರರ ತಲೆ ಓದುವ ನನ್ನ ಬುದ್ಧಿ ಸುರಕ್ಷಿತವಾಗಿದೆ. ಇವಳು ಹುಟ್ಟಿದ ಬೆಳಗಿನ ಜಾವ, ಇವರ ಜೊತೆ ಮೊದಲ ಸಲ ಜಗಳವಾಡಿ ಬಸ್‌ಸ್ಟಾಪಿನಲ್ಲಿ ಕೂತದ್ದು, ನನ್ನ ಅಮ್ಮನ ಕೈ — ಅದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದು ಯಾರೂ ಕೇಳಲಿಲ್ಲ.

ಮಗಳಿಗೆ ಬಸ್‌ಸ್ಟಾಪಿನ ಕಥೆ ಹೇಳಿದೆ. ನಕ್ಕಳು. ಮೊದಲೇ ಹೇಳಿದ್ದೆನೋ ಏನೋ.

ನವೆಂಬರ್. ತಾರೀಖು ಇವರನ್ನು ಕೇಳಬೇಕು

ಡ್ರೈವರ್ ಬಂದಿದ್ದನಂತೆ, ಹೆಂಡತಿಯ ಜೊತೆ. ನನ್ನಿಂದ ತಡವಾಯಿತು ಎಂದು ಗೊತ್ತಿದ್ದೂ ಬಂದ. ಕೆಲಸಕ್ಕೆ ಹೋಗುತ್ತಿದ್ದಾನಂತೆ. ಇವರು ಹೇಳಿದ್ದು. ನನಗೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು ನೆನಪಿವೆ, ಮುಖ ಇಲ್ಲ.

ಬರೆದದ್ದನ್ನು ಮತ್ತೆ ಓದಿದೆ. ಕೆಲವು ಸಾಲು ಯಾರೋ ಬರೆದ ಹಾಗಿವೆ. ಜಾಣೆ, ಯಾರೋ.

ಭಾನುವಾರ ಇರಬೇಕು

ಬಿಸಿಲು ಒಳಗೆ ಬಂದಿದೆ. ಕಿಟಕಿಯ ಹತ್ತಿರ ಒಬ್ಬರು ಕೂತು ಹಣ್ಣು ಹೆಚ್ಚುತ್ತಿದ್ದಾರೆ. ಸಣ್ಣಗೆ, ಎಲ್ಲ ಒಂದೇ ಅಳತೆ. ಬೀಜ ತೆಗೆದು ಬದಿಗಿಡುತ್ತಾರೆ. ತುಂಬ ಹೊತ್ತಾಯಿತು ಬಂದು. ಒಳ್ಳೆಯವರ ಹಾಗೆ ಕಾಣುತ್ತಾರೆ. ತಟ್ಟೆ ನನ್ನ ಕಡೆ ಸರಿಸಿ ನಕ್ಕರು, ನಾನೂ ನಕ್ಕೆ. ನೋಡಿದ ಮುಖವೇ. ಕೇಳಿದರೆ ಬೇಜಾರು ಮಾಡಿಕೊಂಡಾರು. ಆದರೂ ಮೆಲ್ಲಗೆ ಒಂದು ಮಾತು ಕೇಳಿಬಿಡೋಣ ಎಂದು