ನೋವಿನ ರಾಜಾಪಾರ್ಟು

ಮದ್ದೂರು, 6-1-1941. ಬೆಳಿಗ್ಗೆ

ಹೆಗಲ ನೋವಿಗೆ ಮತ್ತೆ ಅದೇ ಶಾಖ, ಮತ್ತೆ ಅದೇ ಜಗಳ. ಮಂಗಳಮ್ಮ ಬಟ್ಟೆಯನ್ನು ಬಿಸಿನೀರಿಗೆ ಅದ್ದಿ, ಹಿಂಡಿ, ತನ್ನ ಮುಂಗೈ ಮೇಲಿಟ್ಟು ನೋಡಿ, ನನ್ನ ಎಡ ಹೆಗಲಿಗೆ ಹಾಕಿದಳು. ಬಟ್ಟೆಯೋ, ಕುಲುಮೆಯ ಕೆಂಡವೋ! "ಸುಟ್ಟೆಯಲ್ಲೇ ಪಾತಕಿ!" ಎಂದು ಗರ್ಜಿಸಿದೆ. ಅಂದರೆ, ಗರ್ಜಿಸಿದೆ ಎಂದುಕೊಂಡೆ. ಬಂದದ್ದು ಪಿಸುಮಾತು. ಸಂತೇಮಾಳದ ಆಚೆಗೂ ಕೇಳುತ್ತಿದ್ದ ಕಂಠ ಇದು!

"ಉಗುರುಬೆಚ್ಚಗದೆ ಕಣ್ರೀ. ಮನೇಲೂ ನಾಟ್ಕವಾ?" ಎಂದಳು ಧರ್ಮಪತ್ನಿ.

ಜೀವಮಾನವೆಲ್ಲ ರಾಜಾಪಾರ್ಟು ಕಟ್ಟಿದವನಿಗೆ ಈ ಮಾತು!

9-1-41

ಮಂಡ್ಯಕ್ಕೆ ಹೋಗಿಬಂದೆ. ಡಾಕ್ಟರು ಕೈ ಮಡಿಸಿದರು, ಎಳೆದರು, ಸೂಜಿ ಚುಚ್ಚಿದರು. ಪ್ರಾಣವೇ ಹೋಯಿತು.

"ಇದು ಪಾರ್ಕಿನ್‌ಸನ್ ಕಾಯಿಲೆ ಮೇಷ್ಟ್ರೇ. ಮಿದುಳಿಗೆ ಸಂಬಂಧಪಟ್ಟದ್ದು. ಕೈ ನಡುಗುತ್ತೆ, ಮೈ ಬಿಗಿಯುತ್ತೆ, ಮುಖ ಮರಗಟ್ಟುತ್ತೆ. ನೋವು ಇದರಲ್ಲಿ ಸೇರಿಲ್ಲ."

"ನನಗೆ ಉಂಟಲ್ಲ ಸ್ವಾಮಿ!"

"ಚುಚ್ಚಿದಾಗ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನ್ನ ಹತ್ತಿರ ಆ್ಯಕ್ಟಿಂಗ್ ಬೇಡ."

ಆ್ಯಕ್ಟಿಂಗ್! ಮುಖ ಮರಗಟ್ಟುತ್ತದೆ ಎಂದವನೂ ಈತನೇ. ಆ ಮುಖವನ್ನೇ ನನ್ನ ವಿರುದ್ಧ ಸಾಕ್ಷಿಗೆ ಕರೆದವನೂ ಈತನೇ. ಸುಮ್ಮನೆ ಬಿದ್ದಿರುವ ಕೈಯನ್ನು ನಡುಗಿಸಬಲ್ಲ ಮಿದುಳಿಗೆ, ಬೆಚ್ಚನೆಯ ಬಟ್ಟೆಯನ್ನು ಬೆಂಕಿ ಮಾಡುವುದು ಕಷ್ಟವೇ? ಇದನ್ನು ಅಲ್ಲೇ ಕೇಳಬೇಕಿತ್ತು... ರೈಲಿನಲ್ಲಿ ಹೊಳೆಯಿತು. ಥೂ!

27-1-41

ಈ ಸಲದ ನಾಟಕದಲ್ಲಿ ರಾಜಾಪಾರ್ಟು ಸಕ್ಕರೆ ಕಾರ್ಖಾನೆಯ ಫಿಟ್ಟರು ರೇವಣ್ಣನಿಗೆ. ನಾನು ಬರೀ ಕಲಿಸುವ ಮೇಷ್ಟ್ರು. ನಮ್ಮ ಪಡಸಾಲೆಯಲ್ಲೇ ಪ್ರಾಕ್ಟೀಸು. ಭರ್ಜಿ ನಾಟಿ ರಾಜ ಸಾಯುವ ಸೀನು. ರೇವಣ್ಣ ಸೂರು ಹಾರಿಹೋಗುವಂತೆ ಅರಚಿದ.

ಹಾರ್ಮೋನಿಯಂ ಶೌಕತ್ ಅಲಿ ತಿದಿ ನಿಲ್ಲಿಸಿದ. "ಏನ್ಲಾ, ನಾಟಿದ್ದು ಭರ್ಜಿಯಾ, ಕಡ್ದಿದ್ದು ಚೇಳಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಮುಖಕ್ಕೆ ಬರಲಿಲ್ಲ.

ಪದ ಹಾಡಿ ತೋರಿಸಿದೆ. ಹಾಡುವಷ್ಟು ಹೊತ್ತು ಹೆಗಲು ಇದೆಯೆಂಬುದೇ ಮರೆತುಹೋಯಿತು! ಪದ ನಿಂತಿತು. ನೋವು ಪರದೆ ಸರಿಸಿಕೊಂಡು ಬಂತು.

"ನೋಡುದ್ರಾ, ಹಾಡಕ್ಕೆ ನೋವಿಲ್ಲ" ಎಂದಳು ಮಂಗಳಮ್ಮ, ಬಾಗಿಲಲ್ಲಿ ನಿಂತು. ಎಲ್ಲರ ಎದುರಿಗೆ.

2-2-41

ರೇವಣ್ಣ ಇನ್ನೂ ಅರಚುತ್ತಾನೆ. ತಾಳ್ಮೆ ಕೆಟ್ಟಿತು. "ನೋವು ತಿಂದವನು ಹೀಗೆ ಅರಚುವುದಿಲ್ಲ ಕಣೋ! ನನ್ನನ್ನು ನೋಡು!"

ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವನ ತೋಳು ಮೈಗೆ ಅಂಟಿತು. ಹೆಜ್ಜೆ ಕಿರಿದಾಯಿತು. ಮುಖ, ಅಗುಳಿ ಹಾಕಿದ ಬಾಗಿಲು. ಮಾತು ಒಳಗೇ ಉಳಿಯಿತು.

"ಇಂಗಾ ಮೇಷ್ಟ್ರೇ? ಬೇಜಾರ್ ಮಾಡ್ಕಬ್ಯಾಡಿ..."

ಕೆನ್ನೆಗೆ ಬಾರಿಸಬೇಕೆನಿಸಿತು. "ಹಾಗೇ ಇರಲಿ" ಎಂದೆ.

16-2-41. ಮಧ್ಯಾಹ್ನ

ನಿನ್ನೆ ಮಂಡ್ಯದಲ್ಲಿ ನಾಟಕ. ಮುಂದಿನ ಕುರ್ಚಿಯಲ್ಲಿ ಅದೇ ಡಾಕ್ಟರು! ಭರ್ಜಿ ನಾಟಿತು, ರೇವಣ್ಣ ಬಿದ್ದ. ಅರಚಲಿಲ್ಲ. ಮುಖ ಅಲುಗಲಿಲ್ಲ. ಬೀಡಿ ಸೇದುತ್ತಿದ್ದವರೂ ಬೀಡಿ ಮರೆತರು. ಹೆಂಗಸರ ಕಡೆ ಬಿಕ್ಕುವ ಸದ್ದು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು!

ನನ್ನ ಮುಖ, ಇನ್ನೊಬ್ಬನ ಬಣ್ಣದ ಮೇಲೆ. ಅದಕ್ಕೆ ಕಣ್ಣೀರು! ನನ್ನ ಮೈಮೇಲಿದ್ದಾಗ ಆ್ಯಕ್ಟಿಂಗು!

ಬಣ್ಣದ ಕೋಣೆಗೂ ಬಂದರು. "ಎಂಥ ನೋವು ತೋರಿಸಿದೆಯಯ್ಯ! ಯಾರು ಕಲಿಸಿದ್ದು?"

"ಕಲ್ತಿದ್ದೇನಿಲ್ಲ ಸ್ವಾಮಿ. ನಮ್ ಮೇಷ್ಟ್ರು ಮುಖ ನೋಡ್ಕಂಡೆ, ಅಷ್ಟೆಯ."

ಡಾಕ್ಟರು ನನ್ನತ್ತ ತಿರುಗಿದರು. ಕೈ ಮುಗಿದು ಹೊರಟೇ ಹೋದರು. ಹೇಡಿ! ಒಂದು ಮಾತು... ಒಂದೇ ಒಂದು ಮಾತು ಆಡಬಾರದಿತ್ತೇ?

ಮಂಗಳಮ್ಮನೂ ನಾಟಕ ನೋಡಿದಳು. ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು.

17-2-41. ಬೆಳಿಗ್ಗೆ

ಬರೆಯುವ ಅಕ್ಷರ ದಿನೇ ದಿನೇ ಕಿರಿದಾಗಿ ಇರುವೆ ಸಾಲಾಗುತ್ತಿದೆ. ನನಗೇ ಓದಲಾಗದು.

ಬಟ್ಟೆ ಅದ್ದಿದಳು, ಹಿಂಡಿದಳು. ತನ್ನ ಮುಂಗೈ ಮೇಲಿಟ್ಟು ನೋಡಲಿಲ್ಲ. ನನ್ನ ಬೆರಳ ತುದಿಗೆ ಮುಟ್ಟಿಸಿದಳು.

"ಸುಡ್ತದಾ?"

"ಸುಡುತ್ತೆ."

"ಆರ್ಲಿ ಬುಡಿ." ಬಟ್ಟೆಯನ್ನು ಬಿಡಿಸಿ ಗಾಳಿಗೆ ಹಿಡಿದು ಕೂತಳು. "ಎಲ್ಲೆಲ್ಲಿ ನೋವು, ಯೋಳಿ."

ಇಷ್ಟು ದಿನ ಬಾಯಿಗೆ ಏನಾಗಿತ್ತು ಇವಳಿಗೆ! ಕೋಪ ಇಳಿದಿಲ್ಲ. ಇಳಿಯುವುದೂ ಇಲ್ಲ. ಆದರೂ ಹೇಳತೊಡಗಿದೆ. ಮೊದಲು ಹೆಗಲು. ಆಮೇಲೆ ಸೊಂಟ. ಆಮೇಲೆ—