ಬಾರಾಮತಿ ಡೇರಿಯ ಪ್ಯಾನೆಲ್

ನವೆಂಬರ್ ೨೧, ಶುಕ್ರವಾರ. ಕೊಂಢವಾ.

ಬಾರಾಮತಿಯಿಂದ ಕೋಣೆಗೆ ಬಂದು ಚಪ್ಪಲಿ ಬಿಟ್ಟಿದ್ದೇನೆ, ಮನಸ್ಸು ಇನ್ನೂ ಆ ಡೇರಿಯಲ್ಲೇ ಇದೆ.

ಅಲ್ಲಿ ಒಂದು ವಾಲ್ವಿನ ವೈರು ನೆನೆದು ಶಾರ್ಟ್ ಆದರೂ ಸಾಕು, ಯಂತ್ರಗಳನ್ನು ನಡೆಸುವ ಇಡೀ ಕಂಟ್ರೋಲ್ ಪ್ಯಾನೆಲ್ ಸತ್ತು ಪಂಪು ನಿಲ್ಲುತ್ತಿತ್ತು, ಹಾಲು ಕೆಡುತ್ತಿತ್ತು. ಹಳೆಯ ಬ್ರೇಕರ್ ಬೀಳುವಷ್ಟರಲ್ಲಿ ಎಲ್ಲ ಲೈನುಗಳಿಗೂ ಹೋಗುವ ಇಪ್ಪತ್ನಾಲ್ಕು ವೋಲ್ಟಿನ ಸಪ್ಲೈಯೇ ಕುಸಿದುಬಿಡುತ್ತಿತ್ತು. ಅದಕ್ಕೇ ಪ್ರತಿ ಲೈನಿಗೂ ಬೇರೆ ರಕ್ಷಣಾ ಮಾಡ್ಯೂಲ್ ಬೇಕೆಂದು ಮಾಲೀಕರ ಹತ್ತಿರ ಹಟ ಹಿಡಿದಿದ್ದೆ. ಇಂದು ಅವನ್ನು ಕೂರಿಸಿದೆ. ಅವುಗಳ ಬಿಸಿ ಹೋಗಲು ಜಾಗ ಬೇಕಲ್ಲ, ಪಕ್ಕದಲ್ಲಿದ್ದ ರಿಲೇಗಳನ್ನು ಕೆಳಗಿನ ಸಾಲಿಗೆ ಇಳಿಸಿದೆ. ಕೊನೆಗೆ ವಾಲ್ವಿನ ವೈರನ್ನು ಬೇಕೆಂದೇ ಶಾರ್ಟ್ ಮಾಡಿದೆ. ಆ ಲೈನಿನ ಮಾಡ್ಯೂಲಿನಲ್ಲಿ ಮಾತ್ರ ಒಂದೇ ಒಂದು ಕೆಂಪು ದೀಪ ಹತ್ತಿತು. ಪಂಪು ನಿಲ್ಲಲಿಲ್ಲ.

"ಹಂಗ ಬಾ!" ಎಂದು ನನ್ನ ಬಾಯಿಂದ ಕನ್ನಡವೇ ಬಂತು.

ಡೇರಿಯ ಆಪರೇಟರ್ ಮನೋಹರ ತಿರುಗಿ ನೋಡಿದರು. "ಕನ್ನಡದವರೇನ್ರಿ? ಮುಂಜಾನಿಂದ ಬರೀ ಮರಾಠಿ ಮಾತಾಡ್ಲಿಕತ್ತೀವಲ್ರಿ!"

"ಹೌದ್ರಿ, ಯಾದಗಿರಿ ಕಡೆ."

"ಊಟ ಆತೇನ್ರಿ ಅಕ್ಕಾರ? ಮನಿ ಇಲ್ಲೇ ಅದ. ನಮ್ಮಾಕಿ ರೊಟ್ಟಿ ಮಾಡ್ಯಾಳ, ಬರ್ರಿ."

"ಆತ್ರಿ" ಅಂದೆ. ಆಗಿರಲಿಲ್ಲ.

ಜೊತೆಗಿದ್ದ ಗೆಳತಿ ಶ್ರದ್ಧಾ ಮದುವೆಯಾಗಿ ಈ ಕೋಣೆ ಬಿಟ್ಟ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವರೆದುರೇ ಅತ್ತುಬಿಡುತ್ತೇನೇನೋ ಎಂದು ಹೆದರಿ ಸಾಮಾನು ಕಟ್ಟಿದೆ. ಅವರು ಗೇಟಿನವರೆಗೂ ಬಂದರು. "ಮುಂದಿನ ಸಲ ರಿಪೇರಿಗೆ ಬಂದಾಗ ಮನಿಗೆ ಬರ್ಲೇಬೇಕ್ರಿ" ಅಂದರು.

ಹೂಂ ಅಂದೆ. ಆದರೆ ಆ ಪ್ಯಾನೆಲ್ ಇನ್ನು ಕೆಡುವುದಿಲ್ಲ. ಅಷ್ಟು ಚೆನ್ನಾಗಿ ಮಾಡಿ ಬಂದಿದ್ದೇನೆ.