ಅರಿಶಿನ ಕುಂಕುಮದ ದಿನ ಕೇಳಿದ ಪ್ರಶ್ನೆ

ಹೊನ್ನಾಳಿ
8 ಸೆಪ್ಟೆಂಬರ್ 2024

ಪ್ರೀತಿಯ ತಮ್ಮ ಮಹಾಂತೇಶ,

ಈ ಪತ್ರದಲ್ಲಿ ನಿನ್ನ ಹೆಂಡತಿ ಚೈತ್ರಾಳ ಮಾತೇ ಬರದಂತೆ ಬರೆದು ಮುಗಿಸುವುದರಲ್ಲಿದ್ದೆ. ಆ ಹಾಳೆಗಳನ್ನು ಹರಿದುಹಾಕಿ ಮತ್ತೆ ಕೂತಿದ್ದೇನೆ. ನಾಗಪುರದಲ್ಲಿ ಮಳೆ ನಿಂತಿತೇ? ರಸ್ತೆ ಕೆಲಸದಲ್ಲಿ ನೆನೆದು ನಿನಗೆ ಕೆಮ್ಮು ಹಿಡಿದಿದೆ ಎಂದು ಅಮ್ಮ ಹೇಳಿದಳು; ಬಿಸಿನೀರು ಕುಡಿ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ.

ನನ್ನ ಸಂಶೋಧನೆ ಯಾವುದರ ಮೇಲೆಂದು ನಿನಗೆ ಗೊತ್ತಲ್ಲ, ಹೆಂಗಸರಿಗೆ ಮನೆಯೊಳಗೆ ಇರುವ ಭಯದ ಮೇಲೆ. ಸಮೀಕ್ಷೆ ಹೇಗೆ ಮಾಡಬೇಕು, ಉತ್ತರಗಳು ಯಾವ ಕಾರಣಕ್ಕೆ ಒಂದೇ ಕಡೆ ವಾಲುತ್ತವೆ ಎಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಆದರೂ ಸುಲಭವಾಗುತ್ತದೆಂದು ನಮ್ಮೂರು ಸಾಸ್ವೆಹಳ್ಳಿಯನ್ನೇ ಆರಿಸಿಕೊಂಡೆ. ಶ್ರಾವಣದ ಶುಕ್ರವಾರ ಅಮ್ಮ ಓಣಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಮನೆಯವಳಾದ ಚೈತ್ರಾ ಸೇರಿ ಹನ್ನೊಂದು ಜನ ಒಟ್ಟಿಗೆ ಸಿಕ್ಕರಲ್ಲ ಎಂದು ಅಲ್ಲೇ ಪಡಸಾಲೆಯಲ್ಲಿ ಕೂರಿಸಿ ಕೇಳಿದೆ. ಪ್ರಶ್ನೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಂದಿದ್ದೆ: "ಮನೆಯಲ್ಲಿ ನಿಮಗೆ ಸುರಕ್ಷಿತ ಭಾವನೆ ಇದೆಯೇ?" ಪಕ್ಕದ ಮನೆಯ ಚೌಡಕ್ಕ ನಕ್ಕುಬಿಟ್ಟಳು. "ಅದೆಂಥ ಭಾವ್ನೆ ತಾಯಿ? ಬಾಗ್ಲಿಗೆ ಚಿಲ್ಕ ಐತಲ್ಲ!" ಎಲ್ಲರೂ ನಕ್ಕರು. ಚೈತ್ರಾಳೂ ನಕ್ಕಳು. ಹನ್ನೊಂದು ಹಾಳೆಯಲ್ಲೂ ಏನೂ ತೊಂದರೆ ಇಲ್ಲವೆಂಬ ಒಂದೇ ಉತ್ತರ. ಸಂತೋಷಪಡಬೇಕಾಗಿತ್ತು, ನಾನು ಮಾತ್ರ ನಂಬಿಕೆ ಬಾರದೆ ಹಾಳೆಗಳನ್ನು ಮತ್ತೆ ಮತ್ತೆ ತಿರುವಿ ನೋಡಿದೆ.

ಮರುದಿನ ಚೌಡಕ್ಕನೇ ಹೇಳಿದಳು: "ಕುಂಕುಮ ಹಚ್ಚಿಸ್ಕಂಡು, ಉಡಿ ತುಂಬಿಸ್ಕಂಡು, ಅದೇ ಮನ್ಯಾಗೆ ಕೂತು ಅಳಾಕೆ ಆಗುತ್ತೇನವ್ವ? ಓದ್ದೋಳು ನೀನು, ಅಷ್ಟೂ ತಿಳಿಯಲ್ವ?"

ಎರಡನೇ ಸಲ ಅಂಗನವಾಡಿಯಲ್ಲಿ ಪರದೆಯ ಹಿಂದೆ ಒಂದು ಮಡಕೆ ಇಟ್ಟೆ. ಮನೆಯಲ್ಲಿ ಯಾರಿಗಾದರೂ ಹೆದರುವವರು ಹುಣಸೆ ಬೀಜ ಹಾಕಬೇಕು, ಇಲ್ಲದವರು ಕಲ್ಲು. ಬಿದ್ದ ಸದ್ದಿನಿಂದ ಗೊತ್ತಾಗಬಾರದೆಂದು ತಳಕ್ಕೆ ಬಟ್ಟೆ ಹಾಸಿದ್ದೆ. ಅದೇ ಹನ್ನೊಂದು ಜನ ಒಬ್ಬೊಬ್ಬರೇ ಹೋಗಿಬಂದರು. ಏಳು ಬೀಜ. ಯಾವುದು ಯಾರದೆಂದು ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು.

ಆದರೆ ಮನಸ್ಸು ಸುಮ್ಮನಿರಲಿಲ್ಲ. ಚೈತ್ರಾ ಹೆದರುವುದಾದರೆ ಅಮ್ಮನಿಗೇ ಇರಬೇಕು ಎಂದುಕೊಂಡೆ; ಅಮ್ಮನ ಬಾಯಿ ನಿನಗೂ ಗೊತ್ತು. ಅಮ್ಮ ಗದರಿದ್ದನ್ನೆಲ್ಲ ಗುರುತು ಹಾಕಿಕೊಳ್ಳುತ್ತಾ ಹೋದೆ, ಗದರದೆ ಇದ್ದ ಹೊತ್ತು ಕಣ್ಣಿಗೇ ಬೀಳಲಿಲ್ಲ. ಮೊದಲೇ ತೀರ್ಮಾನಿಸಿಕೊಂಡು ನೋಡುತ್ತಿದ್ದೆನಲ್ಲ. ಕೊನೆಗೆ ನೋಟ್‌ಬುಕ್ ಮುಚ್ಚಿಟ್ಟು, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳ ಪಕ್ಕ ಹೋಗಿ ಕೂತು ನೇರವಾಗಿ ಕೇಳಿದೆ. "ಅತ್ತೆ ಬೈತಾರೆ, ಉಣ್ಣಾಕೂ ಕರೀತಾರೆ ಅಕ್ಕ," ಎಂದಳು. ತೊಳೆದ ತಟ್ಟೆಯನ್ನು ಬೋರಲು ಹಾಕಿ ನಿನ್ನ ವಿಷಯ ಕೇಳಿದಳು: "ಅವ್ರು ಬರಾಕೆ ಇನ್ನೆಷ್ಟು ದಿನ ಐತೆ?"

ಈ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು, ಮಹಾಂತೇಶ. ಪ್ರತಿ ಸಲವೂ ನಾನು ಅದನ್ನು ಹಂಬಲವೆಂದೇ ತಿಳಿದಿದ್ದೆ. ನಿನ್ನ ಅಕ್ಕನಲ್ಲವೇ. ಈ ಸಲ ಅವಳ ಮುಖ ನೋಡಿದೆ. ನೀನು ಯುಗಾದಿಗೆ ಬಂದಿದ್ದಾಗ ಅವಳ ಕೈ ಮುರಿದದ್ದು ಬಚ್ಚಲಲ್ಲಿ ಜಾರಿ ಅಲ್ಲ ಎಂದು ಆಮೇಲೆ ಹೇಳಿದಳು. ಅಮ್ಮನಿಗೆ ಗೊತ್ತಿತ್ತಂತೆ.

ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ನಿನಗೆ ಕೇಡಾಗಲಿ ಎಂದು ಈಗಲೂ ಬರೆಯಲಾರೆ. ಮಾಡಿದ್ದನ್ನು ಒಪ್ಪಿಕೊಳ್ಳುವ ಬುದ್ಧಿ ಬರಲಿ ಎಂದು ಹರಸುತ್ತೇನೆ.

ನಿನ್ನ ಅಕ್ಕ,
ರೂಪಶ್ರೀ

ತಾ.ಕ.: ಇಷ್ಟನ್ನೂ ಚೈತ್ರಾಳಿಗೆ ಓದಿ ಹೇಳಿದ್ದೇನೆ, ಕಳಿಸು ಎಂದಿದ್ದಾಳೆ. ಅಕ್ಟೋಬರ್ ಎರಡಕ್ಕೆ ನೀನು ರಜೆಯಲ್ಲಿ ಬಂದಾಗ ಅವಳು ಮನೆಯಲ್ಲಿರುವುದಿಲ್ಲ. ಎಲ್ಲಿರುತ್ತಾಳೆಂದು ಅಮ್ಮನಿಗೂ ತಿಳಿಸಿಲ್ಲ, ಅಮ್ಮನನ್ನು ಗದರಿಸಿ ಪ್ರಯೋಜನವಿಲ್ಲ. ಕೇಳುವುದಿದ್ದರೆ ನನ್ನನ್ನು ಕೇಳು. ಅವಳನ್ನು ಈ ತಿಂಗಳ ಹದಿನೇಳಕ್ಕೆ ಬಸ್ಸು ಹತ್ತಿಸುತ್ತೇನೆ. ತಲುಪಿದೆ ಎಂದು ಫೋನು ಬಂದ ಮೇಲೆಯೇ ಇದನ್ನು ಅಂಚೆಗೆ ಹಾಕುವುದು: ಸೆಪ್ಟೆಂಬರ್ 18, ಬುಧವಾರ.